ಡಬ್ಬಿಯ ಮೇಲಿನ ಹಸಿರು

ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿರುವುದರಿಂದ ಪತ್ರದ ಮುಖ್ಯ ಭಾಗವನ್ನಷ್ಟೇ ಕೊಡುತ್ತಿದ್ದೇವೆ:

“ಕಳೆದ ಸಂಚಿಕೆಯಲ್ಲಿ ಕೀಟನಾಶಕ ಡಬ್ಬಿಗಳ ಬಣ್ಣದ ಗುರುತುಗಳ ಪಟ್ಟಿ ಕೊಟ್ಟು, ಹಸಿರು ತ್ರಿಕೋನದ ಎದುರಿಗೆ ‘ಸುರಕ್ಷಿತ’ ಅಂತ ಹಾಕಿದ್ದೀರಿ. ನನ್ನ ಮಗ ಅದನ್ನು ಕತ್ತರಿಸಿ ಪಂಪ್‌ಸೆಟ್ ಮನೆಯ ಬಾಗಿಲಿಗೆ ಅಂಟಿಸಿ, ಕೈಗವಸು ಬಿಟ್ಟು ಔಷಧಿ ಹೊಡೆಯೋಕೆ ಶುರು ಮಾಡಿದ್ದಾನೆ. ಕೇಳಿದರೆ ‘ಪತ್ರಿಕೆಯವರೇ ಬರೆದಿದ್ದಾರಲ್ಲ’ ಅನ್ನುತ್ತಾನೆ. ಹಾಗಾದರೆ ಹಳದಿಯ ಕಳೆ ಔಷಧಿ ಕೆಂಪಿನದಕ್ಕಿಂತ ವಾಸಿಯೇ? ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ, ಸುಣ್ಣ ಇವಕ್ಕೆ ಯಾವ ಬಣ್ಣ? ಕೊನೆಗೆ ನಾವು ಬೆಳೆಯುವ ಅಡಿಕೆಯನ್ನೇ ಕ್ಯಾನ್ಸರ್ ಪಟ್ಟಿಯ 1ನೇ ಗುಂಪಿಗೆ ಸೇರಿಸಿದ್ದಾರಂತೆ. ಯಾರ ಪಟ್ಟಿ ನಂಬೋದು ಸ್ವಾಮಿ?”

ಯಜಮಾನರೇ, ಮೊದಲು ತಪ್ಪೊಪ್ಪಿಗೆ. ‘ಸುರಕ್ಷಿತ’ ಎನ್ನುವ ಪದ ನಮ್ಮದೇ. ಅದು ಡಬ್ಬಿಯ ಮೇಲಿಲ್ಲ, ಕಾನೂನಿನಲ್ಲೂ ಇಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಹಸಿರು ಎಂದರೆ ‘ಸ್ವಲ್ಪ ವಿಷಕಾರಿ’. ಪುಟ ಕಟ್ಟುವಾಗ ಜಾಗ ಸಾಲದೆ ಎರಡು ಪದ ಒಂದಾಯಿತು. ಕರಡು ತಿದ್ದಿದವನು ನಾನೇ. ಕಾಗುಣಿತ ನೋಡಿದೆ, ಅರ್ಥ ನೋಡಲಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ಕಚೇರಿಯ ಕೆಳಗಿನ ಗೊಬ್ಬರದಂಗಡಿಯಿಂದ ಒಂದೆರಡು ಡಬ್ಬಿ ತರಿಸಿ ಮೇಜಿನ ಮೇಲಿಟ್ಟುಕೊಂಡೆ. ಮೂಲೆಯ ಮೇಲೆ ನಿಲ್ಲಿಸಿದಂಥ ಚೌಕ, ನಡುವೆ ಅಡ್ಡಗೆರೆ. ಕೆಳಗಿನ ಅರ್ಧದ ತ್ರಿಕೋನದಲ್ಲಿ ಬಣ್ಣ, ಮೇಲಿನ ಅರ್ಧದಲ್ಲಿ ಮಾತು. ಕೆಂಪಿನ ಮೇಲೆ ತಲೆಬುರುಡೆ, ಎರಡು ಮೂಳೆ, ಜೊತೆಗೆ ‘ವಿಷ’ ಎಂಬ ಪದ ಇರಬೇಕು. ಹಳದಿಯ ಮೇಲೆ ಬುರುಡೆ ಇಲ್ಲ, ‘ವಿಷ’ ಮಾತ್ರ. ನೀಲಿಯ ಮೇಲೆ ‘ಅಪಾಯ’. ಹಸಿರಿನ ಮೇಲೆ ‘ಎಚ್ಚರಿಕೆ’. ನಾಲ್ಕರಲ್ಲಿ ಯಾವುದೂ ‘ಹೆದರಬೇಡ’ ಎನ್ನುವುದಿಲ್ಲ. ನಾವು ಮೇಲಿನ ಅರ್ಧ ಓದದೆ ಬಣ್ಣ ನೋಡಿ ಡಬ್ಬಿ ಎತ್ತಿಕೊಳ್ಳುತ್ತೇವೆ, ಅಷ್ಟೆ.

ಈ ಬಣ್ಣ ಕೊಡುವುದು ಇಲಿಯ ಲೆಕ್ಕದಲ್ಲಿ. ಪರೀಕ್ಷೆಗೆ ಇಟ್ಟುಕೊಂಡ ಇಲಿಗಳಲ್ಲಿ ಅರ್ಧದಷ್ಟು ಸಾಯಲು, ಅವುಗಳ ಮೈತೂಕದ ಒಂದೊಂದು ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಎಂದು ಅಳೆಯುತ್ತಾರೆ. ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ 1927ರಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಹೊಟ್ಟೆಗೆ ಹೋದಾಗ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಹೆಚ್ಚು ಬೇಕಾದರೆ ಹಸಿರು. ಚರ್ಮಕ್ಕೆ ತಾಗಿದಾಗಿನ ಲೆಕ್ಕ ಬೇರೆ ಇದೆ. ತಮಾಷೆ ಎಂದರೆ, ಅಡುಗೆಮನೆಯ ಉಪ್ಪಿನ ಅಂಕಿ ಸುಮಾರು 3000. ಉಪ್ಪಿನ ಡಬ್ಬಿಗೂ ಈ ಚೌಕ ಹಾಕುವುದಾದರೆ ನೀಲಿ ಬಳಿಯಬೇಕಾಗುತ್ತಿತ್ತು!

ಅಂದರೆ ಬಣ್ಣ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಒಂದೇ ಸಲಕ್ಕೆ ಎಷ್ಟು ಮೈಸೇರಿದರೆ ಕೊಲ್ಲುತ್ತದೆ? ಕಣ್ಣಿಗೆ ಬಿದ್ದರೆ, ಹತ್ತು ವರ್ಷ ದಿನಾ ಉಸಿರಾಡಿದರೆ, ಬಸುರಿ ಹೆಂಗಸು ಅದೇ ಹೊಲದಲ್ಲಿ ಕಳೆ ಕಿತ್ತರೆ, ತೊಳೆದ ನೀರು ಕೆರೆ ಸೇರಿದರೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಅದನ್ನು ಆ ಬಣ್ಣಕ್ಕೆ ಯಾರೂ ಕೇಳಿಯೂ ಇಲ್ಲ.

ನೀವು ಕೇಳಿದ ಹಳದಿಯ ವಿಚಾರಕ್ಕೆ ಬರುತ್ತೇನೆ. ನಿಮ್ಮ ಕಡೆ ತೋಟಕ್ಕೆ ಹೊಡೆಯುವ ಪ್ಯಾರಾಕ್ವಾಟ್ ಎಂಬ ಕಳೆ ಔಷಧಿ ತೆಗೆದುಕೊಳ್ಳಿ. ಇಲಿಯ ಅಂಕಿ ಸುಮಾರು 150, ಹಾಗಾಗಿ ಹಳದಿ, ಬುರುಡೆ ಇಲ್ಲ. ಆದರೆ ಮನುಷ್ಯರ ಹೊಟ್ಟೆಗೆ ಅದು ಸ್ವಲ್ಪ ಹೋದರೂ ಶ್ವಾಸಕೋಶ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಪ್ರತಿವಿಷ ಇಲ್ಲ. ಎಷ್ಟೋ ಕೆಂಪು ಡಬ್ಬಿಗಳ ವಿಷಕ್ಕೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಎಂಬ ಪ್ರತಿವಿಷ ಇರುತ್ತದೆ, ಈ ಹಳದಿಗೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇಲ್ಲ. ‘ಹಳದಿ ವಾಸಿಯೇ’ ಎಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಅಲ್ಲ. ಅದನ್ನು ಜ್ಯೂಸ್ ಬಾಟಲಿಗೆ ಬಗ್ಗಿಸಿ ಕಿಟಕಿಯ ಮೇಲಿಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಈ ಪತ್ರಿಕೆ ಮಡಚಿಟ್ಟು ಮೊದಲು ಅದನ್ನು ತೆಗೆಯಿರಿ.

ಇನ್ನುಳಿದ ಪ್ರಶ್ನೆಗಳನ್ನು ಕೇಳುವ ಇನ್ನೊಂದು ವ್ಯವಸ್ಥೆ ಇದೆ. ವಿಶ್ವಸಂಸ್ಥೆ 2003ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ್ದು. ಕೆಂಪು ಅಂಚು, ಬಿಳಿ ಒಡಲು, ಒಳಗೆ ಕಪ್ಪು ಚಿತ್ರ ಇರುವ ಚೌಕಗಳನ್ನು ಕಾರ್ಖಾನೆಗೆ ಹೋಗುವ ಡ್ರಮ್ಮುಗಳ ಮೇಲೆ ನೋಡಿರುತ್ತೀರಿ. ಒಟ್ಟು ಒಂಬತ್ತು ಚಿತ್ರ. ಬೆಂಕಿ ಬೇರೆ, ಕೈಯನ್ನೂ ಲೋಹವನ್ನೂ ತಿನ್ನುವ ಗುಣ ಬೇರೆ, ಎದೆಯಲ್ಲಿ ನಕ್ಷತ್ರ ಒಡೆದಂತೆ ಕಾಣುವ ಮನುಷ್ಯ ಬೇರೆ (ಕ್ಯಾನ್ಸರಿನಂಥ, ನಿಧಾನಕ್ಕೆ ಬರುವ ಕೇಡಿಗೆ), ಒಣಗಿದ ಮರ ಮತ್ತು ಸತ್ತ ಮೀನು ಬೇರೆ. ಒಂದೇ ವಸ್ತುವಿಗೆ ಮೂರ್ನಾಲ್ಕು ಚಿತ್ರ ಬೀಳಬಹುದು. ಈ ಲೆಕ್ಕದಲ್ಲಿ ಪ್ಯಾರಾಕ್ವಾಟ್‌ಗೆ ಬುರುಡೆ ಬಂದೇ ಬರುತ್ತದೆ. ಗಮನಿಸಿ, ಇಲ್ಲಿ ದರ್ಜೆ 1 ಎಂದರೆ ಅತಿ ಕೆಟ್ಟದ್ದು. ಮಕ್ಕಳ ಅಂಕಪಟ್ಟಿಯ ಹಾಗಲ್ಲ.

ಬಣ್ಣಕ್ಕೆ ಗೊತ್ತಿಲ್ಲದ ಗುಣ ಎಂಥದ್ದು ಎಂಬುದಕ್ಕೆ ಮೆಕ್ಕೆಜೋಳದ ಚೀಲಕ್ಕೆ ಹಾಕುವ ಗುಳಿಗೆ ಒಳ್ಳೆಯ ಉದಾಹರಣೆ. ಅದರಲ್ಲಿರುವ ಅಲ್ಯೂಮಿನಿಯಂ ಫಾಸ್ಫೈಡ್ ಹೇಗೂ ಕೆಂಪು. ಆದರೆ ಅದರ ನಿಜವಾದ ಆಟ ಗಾಳಿಯ ತೇವ ತಾಗಿದ ಮೇಲೆ. 3 ಗ್ರಾಂ ಗುಳಿಗೆ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಉಸಿರಾಡಿದರೆ ಸಾವು, ನೀರು ಬಿದ್ದರೆ ತಾನಾಗಿ ಹೊತ್ತಿಕೊಳ್ಳಲೂಬಹುದು. ಗುಳಿಗೆ ಹಾಕಿದ ಚೀಲ ಒಂದು ಕೋಣೆಯಲ್ಲಿ, ಮಕ್ಕಳ ಹಾಸಿಗೆ ಪಕ್ಕದ ಕೋಣೆಯಲ್ಲಿ, ನಡುವೆ ಮುಚ್ಚಿಕೊಳ್ಳದ ಬಾಗಿಲು. ಇಂಥ ಮನೆಗಳನ್ನು ಜಗಳೂರು ಕಡೆ ನೋಡಿದ್ದೇನೆ. ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಮಾರುವ ವಸ್ತುವೇ ಅಲ್ಲ ಅದು, ಆದರೂ ಸಿಗುತ್ತದೆ.

ಸುಣ್ಣದ ಮಾತು ಬಂದರೆ ನನಗೆ ಬಲಗಣ್ಣು ನೆನಪಾಗುತ್ತದೆ. ಭೀಮಸಮುದ್ರದ ಹತ್ತಿರ ನಮ್ಮ ಸೋದರಮಾವನ ತೋಟ. ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಸುಟ್ಟ ಸುಣ್ಣದ ಹರಳಿಗೆ ನೀರು ಹುಯ್ದಾಗ ಡ್ರಮ್ಮು ಬುಸುಗುಟ್ಟುವುದನ್ನು ನೋಡಲು ಬಗ್ಗಿದೆ, ಒಂದು ಹನಿ ಸಿಡಿಯಿತು. ಅತ್ತೆ ಹರಳೆಣ್ಣೆ ತಂದರು. ಮಾವ ಅವರನ್ನು ಪಕ್ಕಕ್ಕೆ ತಳ್ಳಿ, ನನ್ನ ಕತ್ತು ಹಿಡಿದು ಬೋರಿನ ಪೈಪಿನ ಕೆಳಗೆ ಹಿಡಿದರು. ಬಿಡು ಎಂದು ಕಿರುಚಿದರೂ ಬಿಡಲಿಲ್ಲ, ರೆಪ್ಪೆ ಬೆರಳಲ್ಲಿ ಅಗಲಿಸಿ ಇಡೀ ಕಾಲು ಗಂಟೆ. ಆ ಕಣ್ಣಿನಲ್ಲೇ ಇವತ್ತು ಕರಡು ತಿದ್ದುತ್ತೇನೆ, ಎಷ್ಟು ಚೆನ್ನಾಗಿ ಎಂಬುದನ್ನು ನೀವು ನೋಡಿದ್ದೀರಿ. ಸುಣ್ಣ ಕೀಟನಾಶಕವಲ್ಲ, ಆದ್ದರಿಂದ ಅದಕ್ಕೆ ತ್ರಿಕೋನವೇ ಇಲ್ಲ. ಆದರೆ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅದಕ್ಕೆ ‘ಎಚ್ 318’ ಎಂಬ ಗುರುತಿದೆ: ಕಣ್ಣಿಗೆ ಗಂಭೀರ ಹಾನಿ. ಮೈಲುತುತ್ತಕ್ಕೂ ಅದೇ ಗುರುತು, ಜೊತೆಗೆ ನುಂಗಿದರೆ ಕೇಡು, ಮೀನಿಗೆ ಬಲು ವಿಷ. ಬೋರ್ಡೋಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಆಮೇಲೆ ಚಾಕು ಅದ್ದಿ ನೋಡುವುದು, ಇದನ್ನೆಲ್ಲ ನಿಮಗೆ ಹೇಳಿಕೊಡಬೇಕಾಗಿಲ್ಲ. ಕನ್ನಡಕ ಹಾಕಿಕೊಂಡು ಮಾಡಿ ಎಂದಷ್ಟೇ ಹೇಳುತ್ತೇನೆ. ಡ್ರಮ್ ತೊಳೆದ ನೀರನ್ನು ಕೆರೆಗೆ ಬಿಡಬೇಡಿ.

ಈಗ ಅಡಿಕೆ. ಇದನ್ನು ಬರೆಯುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ, ಏಕೆಂದರೆ ನಮ್ಮ ಚಂದಾದಾರರಲ್ಲಿ ಅಡಿಕೆಯವರು ಬಹಳ. ಫ್ರಾನ್ಸಿನ ಲಿಯಾನ್‌ನಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು 1ನೇ ಗುಂಪಿಗೆ, ಅಂದರೆ ‘ಖಚಿತ’ ಎಂಬ ಗುಂಪಿಗೆ ಹಾಕಿದ್ದು ನಿಜ, ತಂಬಾಕು ಸೇರದಿದ್ದರೂ. ಅದೇ ಗುಂಪಿನಲ್ಲಿ ತಂಬಾಕು ಇದೆ, ಮದ್ಯ ಇದೆ, ಬಿಸಿಲೂ ಇದೆ. ಈ ಗುಂಪುಗಳು ಕ್ಯಾನ್ಸರ್ ಎಷ್ಟು ಮಂದಿಗೆ ಬರುತ್ತದೆ ಎಂದು ಅಳೆಯುವುದಿಲ್ಲ, ಬರಿಸಬಲ್ಲದು ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂದು ಅಳೆಯುತ್ತವೆ. ಹಾಯುವ ಎತ್ತು ಗೂಟಕ್ಕೆ ಕಟ್ಟಿದ್ದರೂ ಹಾಯುವ ಎತ್ತೇ. ಹಗ್ಗ ಎಷ್ಟು ಉದ್ದ, ಹತ್ತಿರ ಯಾರು ಓಡಾಡುತ್ತಾರೆ ಎಂಬುದು ಬೇರೆ ಲೆಕ್ಕ. ಅಡಿಕೆಯೊಳಗಿನ ಅರೆಕೊಲಿನ್ ಎಂಬ ವಸ್ತುವನ್ನೇ ಬಿಡಿಯಾಗಿ ಪರಿಶೀಲಿಸಿ 2ಬಿ, ಅಂದರೆ ‘ಇರಬಹುದು’ ಎಂಬ ಗುಂಪಿಗೆ ಹಾಕಿದ್ದಾರೆ. ಕೆಲವರು ಇದನ್ನು ಹಿಡಿದು ಅಡಿಕೆಗೆ ಕ್ಲೀನ್ ಚಿಟ್ ಸಿಕ್ಕಿತು ಎನ್ನುತ್ತಾರೆ. ಸಿಕ್ಕಿಲ್ಲ. ಇಡೀ ಅಡಿಕೆಗೆ ಇರುವ ಪುರಾವೆ ಬಾಯಿಯ ಕ್ಯಾನ್ಸರ್ ಬಂದ ಮನುಷ್ಯರದು. ಬೆಳೆಯುವ ನಿಮಗೆ ಇದು ಕಹಿ. ಆದರೆ ಬೆಲೆಯ ಚಿಂತೆಯನ್ನೂ ಜಗಿಯುವವನ ಬಾಯಿಯನ್ನೂ ಒಂದೇ ವಾಕ್ಯದಲ್ಲಿ ಬೆರೆಸಲು ನನಗೆ ಇಷ್ಟವಿಲ್ಲ.

ಇಲಿಯ ಲೆಕ್ಕದಲ್ಲಿ ಬಹಳ ಕಡಿಮೆ ವಿಷದ ಗ್ಲೈಫೋಸೇಟ್ ಎಂಬ ಕಳೆ ಔಷಧಿ ಕೂಡ ಇದೇ ಸಂಸ್ಥೆಯಿಂದ 2015ರಲ್ಲಿ 2ಎ, ಅಂದರೆ ‘ಬಹುಶಃ ಹೌದು’ ಎಂಬ ಗುಂಪು ಸೇರಿದೆ. ಎರಡು ಪಟ್ಟಿಯಲ್ಲಿ ಯಾವುದು ಸುಳ್ಳು ಎಂದು ಕೇಳಿದ್ದೀರಿ. ಯಾವುದೂ ಅಲ್ಲ, ಕೇಳಿದ ಪ್ರಶ್ನೆಯೇ ಬೇರೆ ಬೇರೆ.

ನಿಮ್ಮ ಮಗನಿಗೆ ಒಂದು ಕೆಲಸ ಹೇಳಿ. ಡಬ್ಬಿಯ ಕುತ್ತಿಗೆಗೆ ರಬ್ಬರ್ ಹಾಕಿ ಕಟ್ಟಿದ ಕಾಗದವನ್ನು ಬಿಡಿಸಲಿ. ನಾನು ಬಿಡಿಸಿದ್ದು ಮೇಜಿನ ಅರ್ಧ ತುಂಬಿತು. ಕನ್ನಡ ಹುಡುಕಲು ಭೂತಗನ್ನಡಿ ಬೇಕಾಯಿತು, ಆದರೆ ಇತ್ತು: ಕೈಗವಸು, ಮುಖಕ್ಕೆ ಬಟ್ಟೆ, ವಿಷದ ಲಕ್ಷಣ, ಪ್ರತಿವಿಷ. ಇನ್ನೂ ಬೇಕೆಂದರೆ ಕಂಪನಿಯ ಸುರಕ್ಷತಾ ಮಾಹಿತಿ ಹಾಳೆ ಮೊಬೈಲಿನಲ್ಲೇ ಸಿಗುತ್ತದೆ. ಹದಿನಾರು ವಿಭಾಗ, ಎಲ್ಲ ಓದಬೇಕಿಲ್ಲ, ಎರಡನೆಯದು ಸಾಕು. ಅಲ್ಲಿ ‘ಎಚ್’ ಅಕ್ಷರದ ಮುಂದಿನ ಅಂಕಿ 2ರಿಂದ ಶುರುವಾದರೆ ಬೆಂಕಿ, ಸ್ಫೋಟದ ಮಾತು, 3 ಆದರೆ ಮೈಗೆ ಆಗುವ ಕೇಡು, 4 ಆದರೆ ಕೆರೆ, ಹೊಳೆಯದು.

ತಿದ್ದಿದ ಪಟ್ಟಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಈ ಸಲ ಮೇಲಿನ ಅರ್ಧದ ಮಾತುಗಳ ಸಮೇತ. ಅಲ್ಲಿಯವರೆಗೆ ಪಂಪ್‌ಸೆಟ್ ಮನೆಯ ಬಾಗಿಲಿನ ಹಾಳೆಯನ್ನು ಇವತ್ತೇ ಕಿತ್ತುಹಾಕಿ. ಗೋಂದು ಗಟ್ಟಿ ಹಿಡಿದಿದ್ದರೆ ‘ಸುರಕ್ಷಿತ’ ಇರುವ ಕಡೆ ಇದ್ದಿಲಿನಿಂದ ಒಂದು ಗೀಟು ಎಳೆದು ‘ಎಚ್ಚರಿಕೆ’ ಎಂದು ಬರೆಯಲು ಅವನಿಗೇ ಹೇಳಿ.

— ಸಂಪಾದಕ