ದ್ವೀಪದಲ್ಲಿ ನಿತ್ಯದ ಹಕ್ಕಿ ವೀಕ್ಷಣೆ: ಬರಿದಾದ ಬೆಳಗನ್ನೂ ಬರೆದಿಡಿ

ನಿನ್ನೆ ಪೊದೆಗಳ ತುಂಬ ಉಲಿಯಕ್ಕಿಗಳೆಂಬ ಪುಟ್ಟ ಹಾಡುಹಕ್ಕಿಗಳಿದ್ದವು, ಇಂದು ಅದೇ ಜಾಗ ಬರಿದಾಗಿದೆ, ಹೀಗಿರುವಾಗ ವಲಸೆಯ ಕಾಲದಲ್ಲಿ ದ್ವೀಪವನ್ನು ದಿನವೂ ಸುತ್ತುವುದರಿಂದ ಏನು ಪ್ರಯೋಜನ ಎಂದು ತಾವು ಕೇಳಿದ್ದೀರಿ. ಪ್ರಯೋಜನವಿರುವುದೇ ಆ ವ್ಯತ್ಯಾಸದಲ್ಲಿ. ಸಣ್ಣ ಹಾಡುಹಕ್ಕಿಗಳಲ್ಲಿ ಬಹಳಷ್ಟು ರಾತ್ರಿಯ ಹೊತ್ತು ವಲಸೆ ಹೋಗುತ್ತವೆ. ಆಕಾಶ ತಿಳಿಯಾಗಿದ್ದು, ಗಾಳಿ ಅವು ಸಾಗುವ ದಿಕ್ಕಿಗೇ ಬೀಸುತ್ತಿದ್ದರೆ, ದೊಡ್ಡ ಸಂಖ್ಯೆಯಲ್ಲಿ ದ್ವೀಪದ ಮೇಲೆಯೇ ಹಾದುಹೋದರೂ ಬೆಳಿಗ್ಗೆ ನಮ್ಮ ಕಣ್ಣಿಗೆ ಒಂದೂ ಬೀಳದಿರಬಹುದು. ನಡುದಾರಿಯಲ್ಲಿ ಮಳೆಯೋ ಮಂಜೋ ಎದುರುಗಾಳಿಯೋ ಅಡ್ಡಬಂದಾಗ ಅವು ಸಿಕ್ಕ ನೆಲಕ್ಕೆ ಇಳಿಯುತ್ತವೆ. ಆದ್ದರಿಂದ ಪೊದೆ ಖಾಲಿಯಾಗಿದೆ ಎಂದಮಾತ್ರಕ್ಕೆ ವಲಸೆ ನಿಂತಿದೆ ಎಂದು ತಿಳಿಯಬಾರದು.

ಸೂರ್ಯೋದಯದ ಹೊತ್ತಿಗೆ ಹೊರಟು ಪ್ರತಿದಿನವೂ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ನಡೆಯಿರಿ. ಕಂಡ ಹಕ್ಕಿಗಳ ಪಟ್ಟಿಯ ಮೇಲ್ಭಾಗದಲ್ಲಿ ಹಿಂದಿನ ರಾತ್ರಿಯ ಗಾಳಿಯ ದಿಕ್ಕು, ಮೋಡ ಮತ್ತು ಮಳೆಯನ್ನು ಬರೆಯಿರಿ. ಅನೇಕರು ಬೆಳಗಿನ ಹವೆಯನ್ನಷ್ಟೇ ಗಮನಿಸುತ್ತಾರೆ, ಅದು ಸಾಲದು. ಹೊಸದಾಗಿ ಇಳಿದ ಹಕ್ಕಿಯನ್ನು ಅದರ ಎಂದಿನ ನೆಲೆಯಲ್ಲೇ ಹುಡುಕಬೇಡಿ. ಮರದ ತುದಿಯಲ್ಲಿರಬೇಕಾದ ಉಲಿಯಕ್ಕಿಯೊಂದು ದಡಕ್ಕೆ ಬಂದು ಬಿದ್ದ ಕಡಲಪಾಚಿಯ ಸಾಲಿನ ಮೇಲೆ ಕುಪ್ಪಳಿಸುತ್ತ, ಕೊಳೆತ ಪಾಚಿಗೆ ಮುತ್ತಿದ ನೊಣಗಳನ್ನು ಒಂದೊಂದಾಗಿ ಹೆಕ್ಕುತ್ತಿರುವುದುಂಟು. ನಾಲ್ಕು ಹೆಜ್ಜೆ ಹತ್ತಿರ ಹೋದರೂ ಅದು ಹಾರದಿದ್ದರೆ ಅದನ್ನು ಸಾಧುತನವೆಂದು ತಿಳಿಯಬೇಡಿ. ಕೊಬ್ಬು ಕರಗಿ ದಣಿದಿರುವ ಹಕ್ಕಿಯದು. ಫೋಟೋಗಾಗಿ ಅದನ್ನು ಎಬ್ಬಿಸುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ದಡದ ಕೆಸರಿನಲ್ಲಿ ಮೇಯುವ ಗೊರವ ಹಕ್ಕಿಗಳಿಗೆ ಮಾತ್ರ ಈ ನಿಗದಿತ ಹೊತ್ತಿನ ನಿಯಮ ಒಗ್ಗುವುದಿಲ್ಲ. ಉಬ್ಬರದ ವೇಳೆ ದಿನಕ್ಕೆ ಸರಾಸರಿ 50 ನಿಮಿಷದಷ್ಟು ತಡವಾಗುತ್ತ ಹೋಗುವುದರಿಂದ ಉಬ್ಬರದ ಪಟ್ಟಿ ನೋಡಿಯೇ ಹೊರಡಬೇಕು. ನೀರು ಪೂರ್ತಿ ಏರುವ ಒಂದೆರಡು ಗಂಟೆ ಮೊದಲೇ ಸೂರ್ಯನಿಗೆ ಬೆನ್ನು ಮಾಡಿ ಕುಳಿತರೆ, ಕೆಸರುಬಯಲಿನಲ್ಲಿ ಚದುರಿ ಮೇಯುತ್ತಿದ್ದವು ತಾವಾಗಿಯೇ ಹತ್ತಿರಕ್ಕೆ ಸರಿದು ಬರುತ್ತವೆ. ಇಳಿತದಲ್ಲಿ ಸ್ಕೋಪ್ (ದೂರದರ್ಶಕ) ಇದ್ದರೂ ಎಣಿಕೆ ಕಷ್ಟ.

ಇನ್ನು ಲೆಕ್ಕದ ವಿಷಯ. ದಿನದಿನದ ಸಂಖ್ಯೆಗಳನ್ನು ಕೂಡಿಸಿ ಇಷ್ಟು ಹಕ್ಕಿಗಳು ಬಂದವೆಂದು ಹೇಳಲಾಗದು, ಏಕೆಂದರೆ ಇಳಿದ ಹಕ್ಕಿ ಕೊಬ್ಬು ತುಂಬಿಕೊಳ್ಳುವವರೆಗೆ ಹಲವು ದಿನ ಅಲ್ಲಿಯೇ ಉಳಿಯಬಹುದು. ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದಲ್ಲಿ 1910ರಲ್ಲಿ ಆರಂಭವಾದ ಪಕ್ಷಿ ಕೇಂದ್ರದಂಥ ಕಡೆಗಳಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವುದರಿಂದ, ಮತ್ತೆ ಸಿಕ್ಕಿದ್ದು ನಿನ್ನೆಯದೋ ಹೊಸತೋ ಎಂಬುದು ತಿಳಿಯುತ್ತದೆ. ಬರಿಗಣ್ಣಿನ ಎಣಿಕೆಗೆ ಆ ಅನುಕೂಲವಿಲ್ಲವಾದ್ದರಿಂದ, ಆಯಾ ದಿನದ ಸಂಖ್ಯೆಯನ್ನು ಬೇರೆಬೇರೆಯಾಗಿಯೇ ಇಡಿ. ಹಕ್ಕಿ ವೀಕ್ಷಣೆಯ ದಾಖಲೆಗಳನ್ನು ಕೂಡಿಡುವ ಅಂತರ್ಜಾಲ ತಾಣವಾದ ಇಬರ್ಡ್‌ಗೆ ಪಟ್ಟಿ ಸೇರಿಸುವಾಗ, ಗುರುತಿಸಿದ ಎಲ್ಲ ಜಾತಿಗಳನ್ನೂ ಬರೆದಿದ್ದರೆ ಮಾತ್ರ ಅದನ್ನು ಪೂರ್ಣ ಪಟ್ಟಿಯೆಂದು ನಮೂದಿಸಿ.