ಬೆಳಿಗ್ಗೆ ಏಳದ ಕಲ್ಲು ಸಂಜೆ ಹೆಗಲೇರುವುದೇಕೆ?

ವಿಜಯಪುರದಲ್ಲಿ ಜಾತ್ರೆಯ ಸ್ಪರ್ಧೆಗಾಗಿ ಸಂಗ್ರಾಣಿ ಕಲ್ಲು ಎತ್ತುವ ಅಭ್ಯಾಸ ಮಾಡುತ್ತಿರುವ ತಾವು, ನಸುಕಿನ 5 ಗಂಟೆಗೆ ಮೊಣಕಾಲು ದಾಟದ ಕಲ್ಲು ಸಂಜೆ ಹೆಗಲೇರುವುದೇಕೆ ಎಂದು ಕೇಳಿದ್ದೀರಿ. ಸ್ನಾಯುಗಳ ಬಲ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಹೆಚ್ಚಿನವರಲ್ಲಿ ಅದು ಬೆಳಗಿನ ಜಾವ ಕಡಿಮೆಯಿದ್ದು, ಸಂಜೆ ಸುಮಾರು 4ರಿಂದ 8 ಗಂಟೆಯೊಳಗೆ ಗರಿಷ್ಠ ಮಟ್ಟ ಮುಟ್ಟುತ್ತದೆ.

ಕಣ್ಣಿಗೆ ಬೀಳುವ ಬೆಳಕಿನಿಂದ ಹೊತ್ತು ಹೊಂದಿಸಿಕೊಳ್ಳುವ ಮುಖ್ಯ ಗಡಿಯಾರವೊಂದು ಮೆದುಳಿನ ತಳಭಾಗದಲ್ಲಿದೆ. ಸ್ನಾಯುಕೋಶಗಳಿಗೂ ತಮ್ಮದೇ ಆದ ಗಡಿಯಾರವುಂಟು: ಕೆಲವು ಜೀನ್‌ಗಳು ಪ್ರೋಟೀನುಗಳನ್ನು ತಯಾರಿಸುತ್ತವೆ, ಆ ಪ್ರೋಟೀನುಗಳು ಶೇಖರವಾದಂತೆ ಅವೇ ಜೀನ್‌ಗಳ ಕೆಲಸವನ್ನು ತಡೆಯುತ್ತವೆ, ಅವು ಕರಗಿದ ಮೇಲೆ ಜೀನ್‌ಗಳು ಮತ್ತೆ ಚಾಲೂ ಆಗುತ್ತವೆ, ಮತ್ತು ಇಂಥ ಒಂದು ಸುತ್ತಿಗೆ ಸುಮಾರು 24 ಗಂಟೆ ಹಿಡಿಯುತ್ತದೆ. (ಈ ಸುತ್ತನ್ನು ನೊಣಗಳಲ್ಲಿ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.) ಸ್ನಾಯು ಸಕ್ಕರೆಯನ್ನು ಬಳಸಿಕೊಳ್ಳುವ ರೀತಿಯೂ ಈ ಲಯವನ್ನೇ ಅನುಸರಿಸುತ್ತದೆ. ಆದರೆ ತಮ್ಮ ಕಲ್ಲಿನ ಮಟ್ಟಿಗೆ ಹೆಚ್ಚು ನೇರವಾದ ಕಾರಣ ಉಷ್ಣತೆ: ದೇಹದ ಒಳಗಿನ ಶಾಖ ನಸುಕಿನಲ್ಲಿ ತಗ್ಗಿದ್ದು, ಸಂಜೆಗೆ ಸುಮಾರು ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಮತ್ತು ಬೆಚ್ಚಗಿನ ಸ್ನಾಯು ಬೇಗನೆ, ಬಿಗಿಯಾಗಿ ಸಂಕುಚಿಸುತ್ತದೆ.

ಸ್ನಾಯುವಿನ ಗಡಿಯಾರವನ್ನು ವ್ಯಾಯಾಮವೂ ತಿದ್ದಬಲ್ಲದು. ವಾರಗಟ್ಟಲೆ ಬೆಳಿಗ್ಗೆಯೇ ಸಾಮು ಮಾಡುವವರಲ್ಲಿ ಬೆಳಗಿನ ಕೊರತೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದ್ದರಿಂದ ಸ್ಪರ್ಧೆ ಯಾವ ಹೊತ್ತಿಗೋ ಅದೇ ಹೊತ್ತಿಗೆ ಅಭ್ಯಾಸ ಮಾಡಿರಿ. ನಸುಕಿನಲ್ಲೇ ಎತ್ತುವುದಾದರೆ ದಂಡ, ಬಸ್ಕಿ ಹೊಡೆದು ಮೈ ಚೆನ್ನಾಗಿ ಬೆವರಿದ ಮೇಲೆ ಕಲ್ಲಿಗೆ ಕೈಹಾಕಿರಿ.