ಗ್ಲಾಸ್ ಮೇಲೆ ಬರ್ತಿಲ್ವಾ? ಮೊದ್ಲು ಬಾಗಿಲಿಗೆ ಕಿವಿ ಕೊಡಿ

ಪ್ರಶ್ನೆ: ಸರ್, ನಮ್ದು ಹಳೇ ಹ್ಯಾಚ್‌ಬ್ಯಾಕ್. ಎಡಗಡೆ ಮುಂದಿನ ಗ್ಲಾಸ್ ಕೆಳಗೆ ಇಳಿದದ್ದು ಮೇಲೆ ಬರ್ತಾನೇ ಇಲ್ಲ, ಸ್ವಿಚ್ ಒತ್ತಿದ್ರೆ ಒಳಗೆ ಗರ್ರ್ ಅನ್ನತ್ತೆ ಅಷ್ಟೇ. ಮಳೆ ಬೇರೆ ಬಿಡ್ತಿಲ್ಲ, ಪ್ಲಾಸ್ಟಿಕ್ ಕವರ್ ಅಂಟಿಸ್ಕೊಂಡು ಓಡಾಡ್ತಿದೀವಿ. ಗ್ಯಾರೇಜಲ್ಲಿ ಸ್ವಿಚ್, ಮೋಟರ್ ಎಲ್ಲಾ ಹೊಸದು ಹಾಕ್ಬೇಕು ಅಂತಾರೆ, ನಿಜಾನಾ?
– ಓದುಗರೊಬ್ಬರು, ಸಾಗರ

ಉತ್ತರ: ಸ್ವಿಚ್ಚಿಗೆ ದುಡ್ಡು ಕೊಡೋಕೆ ಹೋಗ್ಬೇಡಿ. ಗರ್ರ್ ಅಂತ ಸೌಂಡ್ ಬರ್ತಿದೆ ಅಂದ್ರೆ ಕರೆಂಟು ಮೋಟರ್‌ವರೆಗೂ ಬಂದಿದೆ, ಮೋಟರೂ ತಿರುಗ್ತಿದೆ, ತಿರುಗಿದ್ದು ಗ್ಲಾಸಿಗೆ ಮುಟ್ತಿಲ್ಲ. ನಡುವೆ ಇರೋದು ರೆಗ್ಯುಲೇಟರ್. ಈಗಿನ ಬಹಳಷ್ಟು ಕಾರಲ್ಲಿ ಅದು ಕೇಬಲ್ ಥರದ್ದು, ಮೋಟರ್ ಒಂದು ಡ್ರಮ್ ತಿರುಗಿಸತ್ತೆ, ಅದಕ್ಕೆ ಸುತ್ತಿರೋ ತೆಳು ಸ್ಟೀಲ್ ಕೇಬಲ್ಲು ಹಳಿ ಥರದ ಪಟ್ಟಿಯ ಮೇಲೆ ಒಂದು ಪ್ಲಾಸ್ಟಿಕ್ ತುಂಡನ್ನ ಮೇಲೆ ಕೆಳಗೆ ಎಳೀತದೆ, ಗ್ಲಾಸ್ ಕೂತಿರೋದು ಆ ತುಂಡಿನ ಮೇಲೆ. ಕೇಬಲ್ ಎಳೆ ಎಳೆಯಾಗಿ ಬಿಚ್ಕೊಂಡಿರತ್ತೆ, ಇಲ್ಲಾ ಆ ಪ್ಲಾಸ್ಟಿಕ್ ಮುರಿದಿರತ್ತೆ. ಅಪರೂಪಕ್ಕೆ ಮೋಟರ್ ಒಳಗಿನ ಗೇರ್ ಹಲ್ಲು ಸವೆದಿದ್ರೂ ಹೀಗೇ ಆಗತ್ತೆ, ಬಿಚ್ಚಿ ನೋಡಿದ್ರೆ ಗೊತ್ತಾಗತ್ತೆ. ಕೆಲವು ಕಾರಿಗೆ ರೆಗ್ಯುಲೇಟರ್ ಒಂದೇ ಸಿಗತ್ತೆ, ಕೆಲವಕ್ಕೆ ಮೋಟರ್ ಸಮೇತ ಸೆಟ್ಟೇ ತಗೋಬೇಕು, ಅಲ್ಲಿ ಗ್ಯಾರೇಜಿನವ್ರ ತಪ್ಪಿಲ್ಲ.

ಆದ್ರೆ ಅದು ಯಾಕೆ ಮುರೀತು ಅಂತ ಯಾರೂ ಕೇಳಲ್ಲ ನೋಡಿ! ಗ್ಲಾಸ್ ಜಾರೋ ರಬ್ಬರ್ ಚಾನೆಲ್ ಒಣಗಿ, ಧೂಳು ಕೆಸರು ತುಂಬ್ಕೊಂಡು ಬಿಗಿ ಆಗಿರತ್ತೆ, ಮೋಟರ್ ಒದ್ದಾಡ್ಕೊಂಡು ಎಳೆದೂ ಎಳೆದೂ ಕೊನೆಗೆ ಸೋಲೋದು ಕೇಬಲ್ಲು. ಗ್ಲಾಸ್ ನಿಧಾನ ಆಗ್ತಿದೆ, ಓರೆ ಆಗ್ತಿದೆ ಅಂತ ಅನ್ನಿಸಿದಾಗಲೇ ಚಾನೆಲ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೀರಿ. ಗ್ರೀಸು, ಎಂಜಿನ್ ಆಯಿಲ್ ಬೇಡವೇ ಬೇಡ, ಧೂಳು ಹಿಡಿಯತ್ತೆ, ರಬ್ಬರೂ ಹಾಳು. ಹೊಸ ರೆಗ್ಯುಲೇಟರ್ ಹಾಕ್ಸಿ ಹಳೇ ಗಟ್ಟಿ ರಬ್ಬರ್ ಹಾಗೇ ಬಿಟ್ರೆ ಮತ್ತೆ ಇದೇ ಕಥೆ.

ನೀವೇ ಬಿಚ್ಚೋದಾದ್ರೆ ಮೊದ್ಲು ಬ್ಯಾಟರಿ ಮೈನಸ್ ತೆಗೀರಿ. ಡೋರ್ ಪ್ಯಾಡಿನ (ಬಾಗಿಲ ಒಳಗಡೆಯ ಹೊದಿಕೆ) ಸ್ಕ್ರೂ ಹಿಡಿಕೆ ಒಳಗೆ, ಪುಟ್ಟ ಮುಚ್ಚಳದ ಹಿಂದೆ ಅಡಗಿರತ್ತೆ, ಅದು ಬಿಟ್ಟು ಎಳೆದ್ರೆ ಪ್ಯಾಡೇ ಸೀಳತ್ತೆ. ಕ್ಲಿಪ್ ಒಂದೆರಡು ಮುರಿಯೋದು ಗ್ಯಾರಂಟಿ, ನಾಲ್ಕು ಮೊದ್ಲೇ ತಂದಿಟ್ಕೊಳ್ಳಿ. ಗ್ಲಾಸನ್ನ ಕೈಯಲ್ಲಿ ಮೇಲಕ್ಕೆತ್ತಿ ಡೋರ್ ಫ್ರೇಮಿಗೆ ಗಟ್ಟಿ ಟೇಪ್ ಹಾಕಿ ನಿಲ್ಲಿಸಿ. ಒಳಗಿನ ಪ್ಲಾಸ್ಟಿಕ್ ಹಾಳೆ ಹರೀಬೇಡಿ, ಮಳೆ ನೀರು ಬಾಗಿಲೊಳಗೆ ಇಳಿಯೋದು ಮಾಮೂಲಿ, ಅದು ಕೆಳಗಿನ ತೂತಿಂದ ಆಚೆ ಹೋಗತ್ತೆ, ಹಾಳೆ ಹರಿದ್ರೆ ಕಾರ್ಪೆಟ್ಟಿಗೆ ಬರತ್ತೆ. ಮಲೆನಾಡಲ್ಲಿ ಒದ್ದೆ ಕಾರ್ಪೆಟ್ ವಾಸನೆ ಹೇಗಿರತ್ತೆ ಅಂತ ನಾನು ಹೇಳ್ಬೇಕಾ? ಆ ತೂತಲ್ಲಿ ಎಲೆ ಮಣ್ಣು ಕಟ್ಟಿದ್ರೆ ಅದನ್ನೂ ಬಿಡಿಸಿ. ಒಂದು ಎಚ್ಚರಿಕೆ, ನಿಮ್ಮದು ಕೇಬಲ್ ಅಲ್ದೆ ಕತ್ತರಿ ಥರದ ರೆಗ್ಯುಲೇಟರ್ ಆಗಿದ್ರೆ ಅದರಲ್ಲಿ ಬಿಗಿಯಾದ ಸುರುಳಿ ಸ್ಪ್ರಿಂಗ್ ಇರತ್ತೆ, ತೋಳನ್ನ ಬೋಲ್ಟ್ ಹಾಕಿ ಕಟ್ಟದೆ ಮೋಟರ್ ಬಿಚ್ಚಿದ್ರೆ ರಪ್ ಅಂತ ತಿರುಗಿ ಬೆರಳು ಹೋಗತ್ತೆ. ಅದನ್ನ ಮೆಕ್ಯಾನಿಕ್‌ಗೇ ಬಿಡಿ.

ಪ್ರಶ್ನೆ: ನಮ್ ಕಾರಲ್ಲಿ ಹಿಂದಿನ ಗ್ಲಾಸ್ ಸದ್ದೇ ಇಲ್ಲ, ಮೋಟರ್ ಹೋಗಿದೆಯಾ?
– ಓದುಗರೊಬ್ಬರು, ತುಮಕೂರು

ಉತ್ತರ: ಡ್ರೈವರ್ ಬಾಗಿಲಲ್ಲಿರೋ ವಿಂಡೋ ಲಾಕ್ ಬಟನ್ ನೋಡಿದ್ರಾ? ಅದು ಒತ್ತಿದ್ರೆ ಹಿಂದಿನ ಸ್ವಿಚ್ ಕೆಲ್ಸ ಮಾಡಲ್ಲ. ನಗ್ಬೇಡಿ, ಮಕ್ಕಳಿರೋ ಮನೇಲಿ ಇದು ದಿನಾ ಆಗೋದೇ. ಅದಲ್ಲ ಅಂದ್ರೆ ಫ್ಯೂಸ್. ಅದೂ ಸರಿ ಇದ್ರೆ ಮೋಟರಿಗೆ ಸಿಕ್ಕಿಸಿರೋ ವೈರಿನ ಪ್ಲಗ್ (ಕಪ್ಲರ್) ಬಿಚ್ಚಿ, ಸ್ವಿಚ್ ಕಡೆಯಿಂದ ಬರೋ ಎರಡು ವೈರಿಗೆ ಒಂದು 12 ವೋಲ್ಟ್ ಬಲ್ಬ್ ಜೋಡಿಸಿ ಸ್ವಿಚ್ ಒತ್ತಿ. ಸಾಮಾನ್ಯವಾಗಿ ಮೋಟರಿಗೆ ಹೋಗೋದು ಎರಡೇ ವೈರು, ಮೇಲೆ ಒತ್ತಿದಾಗ ಒಂದು ಪ್ಲಸ್, ಕೆಳಗೆ ಒತ್ತಿದಾಗ ಅದೇ ಮೈನಸ್, ಹಾಗಾಗಿ ಎರಡೂ ಕಡೆ ಬಲ್ಬ್ ಹೊತ್ತಬೇಕು. ಚೆನ್ನಾಗಿ ಹೊತ್ತಿದ್ರೆ ಮೋಟರ್ ಸತ್ತಿದೆ. ಹೊತ್ತದಿದ್ರೆ ಸ್ವಿಚ್ ಅಥವಾ ವೈರು. ಎಷ್ಟೋ ಕಾರಲ್ಲಿ ಹಿಂದಿನ ಮೋಟರಿನ ಮೈನಸ್ಸು ಡ್ರೈವರ್ ಕಡೆಯ ಮೇನ್ ಸ್ವಿಚ್ ಮೂಲಕಾನೇ ಹೋಗತ್ತೆ, ಅಲ್ಲಿ ಕಾಂಟ್ಯಾಕ್ಟ್ ಸುಟ್ಟಿದ್ರೆ ಹಿಂದಿನ ಸ್ವಿಚ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಇನ್ನೊಂದು, ಬಾಗಿಲ ಕೀಲಿನ ಹತ್ರ ಇರೋ ರಬ್ಬರ್ ತೋಳೊಳಗೆ ವೈರು ಮಡಚಿ ಮಡಚಿ ತುಂಡಾಗತ್ತೆ, ಸ್ವಿಚ್ ಒತ್ಕೊಂಡೇ ಬಾಗಿಲು ಅಲ್ಲಾಡಿಸಿ ನೋಡಿ, ಬಲ್ಬ್ ಮಿಣಕ್ ಅಂದ್ರೆ ಅಲ್ಲೇ ತಪ್ಪು.

ಪ್ರಶ್ನೆ: ಬ್ಯಾಟರಿ ಬದಲಾಯಿಸಿದ ಮೇಲೆ ಆಟೋ ಅಪ್ (ಸ್ವಿಚ್ ಒಂದ್ಸಲ ಒತ್ತಿ ಬಿಟ್ರೆ ಗ್ಲಾಸ್ ತಾನೇ ಪೂರ್ತಿ ಮೇಲೆ ಬರೋದು) ಕೆಲ್ಸ ಮಾಡ್ತಿಲ್ಲ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಏನೂ ಕೆಟ್ಟಿಲ್ಲ, ಗ್ಲಾಸ್ ಎಲ್ಲಿವರೆಗೆ ಬರ್ಬೇಕು ಅನ್ನೋದು ಮರ್ತಿದೆ. ಬಹಳಷ್ಟು ಕಾರಲ್ಲಿ ಗ್ಲಾಸ್ ಪೂರ್ತಿ ಇಳಿಸಿ, ಆಮೇಲೆ ಪೂರ್ತಿ ಏರಿಸಿ, ಮೇಲೆ ಬಂದ್ಮೇಲೂ ಸ್ವಿಚ್ ಬಿಡದೆ ಕೆಲವು ಸೆಕೆಂಡ್ ಹಿಡ್ಕೊಂಡ್ರೆ ಸಾಕು. ನಿಮ್ ಕಾರಿನ ಸರಿಯಾದ ಕ್ರಮ ಓನರ್ಸ್ ಮ್ಯಾನುಯಲ್‌ನಲ್ಲಿರತ್ತೆ. ಅಲ್ಲಿವರೆಗೂ ಮಕ್ಕಳ ಕೈ ದೂರ ಇರ್ಲಿ, ಈ ಸೆಟ್ಟಿಂಗ್ ಹೋಗಿರುವಾಗ ಕೈ ಸಿಕ್ಕರೆ ಗ್ಲಾಸ್ ತಾನಾಗೇ ಹಿಂದಕ್ಕೆ ಬರತ್ತೆ ಅನ್ನೋ ನಂಬಿಕೆ ಇಟ್ಕೋಬೇಡಿ.